ಸಿಸ್ಟರ್ ಕಳಿಸಿದ ಹಸಿರು ಸೀಸೆ

ಆ ದಿನ ಬೆಳಿಗ್ಗೆ ವಿಶೇಷವೇನೂ ಇರಲಿಲ್ಲ. ಎದ್ದೆ, ಅಂಗಳಕ್ಕೆ ಸಗಣಿ ನೀರು ಹಾಕಿದೆ, ರಂಗೋಲಿ ಎಳೆದೆ, ಮಿಂದು ವಿಭೂತಿ ಹಚ್ಚಿಕೊಂಡು ಜೋಳದ ರೊಟ್ಟಿ ಬಡಿಯಲು ಕುಳಿತೆ. ಐದನೆಯ ರೊಟ್ಟಿ ಕೈಯಲ್ಲೇ ಹರಿಯಿತು. "ಮನಸ್ಸೆಲ್ಲೈತಿ ನಿಂದು?" ಎಂದು ಅತ್ತೆಯವರು ಪಡಸಾಲೆಯಿಂದಲೇ ಕೇಳಿದರು. ರೊಟ್ಟಿ ಬಡಿಯುವ ಸದ್ದಿನಲ್ಲೇ ಅವರಿಗೆ ಸೊಸೆಯ ಮನಸ್ಸು ತಿಳಿದುಬಿಡುತ್ತದೆ. ನನ್ನ ಮನಸ್ಸು ಅಡುಗೆಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗಳ ಹಿಂದೆ ಇತ್ತು. ಅಲ್ಲಿ ಒಂದು ಸೀಸೆ ಹೆಂಡವಿತ್ತು.

ಹೆಂಡ ಎಂದು ಬರೆಯುವಾಗ ಈಗಲೂ ಅತ್ತಿತ್ತ ನೋಡುತ್ತೇನೆ. ಲಿಂಗ ಕಟ್ಟಿದ ಮನೆ ನಮ್ಮದು. ರಾಯದುರ್ಗದ ಪೇಟೆಯಲ್ಲಿ ಹಳೆಯ ಬಟ್ಟೆ ಅಂಗಡಿ. ಹೆಂಡದಂಗಡಿಯ ಮುಂದೆ ಹಾಯಬೇಕಾದೀತೆಂದು ಅತ್ತೆಯವರು ಎರಡು ಬೀದಿ ಸುತ್ತಿ ಗುಡಿಗೆ ಹೋಗುವವರು. ಇಂಥ ಮನೆಗೆ ಅದು ಬಂದದ್ದಾದರೂ ಎಲ್ಲಿಂದ? ಕಾನ್ವೆಂಟಿನಿಂದ! ಬಳ್ಳಾರಿಯಲ್ಲಿ ನನಗೆ ಇಂಗ್ಲಿಷು, ಕಸೂತಿ ಮತ್ತು ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವುದನ್ನು ಕಲಿಸಿದ ಸಿಸ್ಟರೇ ಕಳಿಸಿದ್ದರು.

ನನ್ನ ಮಗಳು ಗಿರಿಜೆಯನ್ನೂ ಅದೇ ಶಾಲೆಗೆ ಕಳಿಸಬೇಕೆಂಬುದು ನನ್ನ ಆಸೆ. ಅತ್ತೆಯವರು ಒಂದು ವರ್ಷದಿಂದ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಪಕ್ಕದ ಮನೆಯ ಶಾಂತವ್ವನನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದರು. ಶಾಂತವ್ವ ಅತ್ತೆಯವರ ಓರಗೆಯವರು, ದಿನಕ್ಕೆ ಮೂರು ಹೊತ್ತು ಪೂಜೆ ಮಾಡುವವರು. ಅವರ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಕೋಟೆಯ ಬಾಗಿಲು ಮುಟ್ಟುತ್ತಿತ್ತು. ಈ ನಡುವೆ ನಮ್ಮ ಯಜಮಾನರು ಸರಕಿಗೆಂದು ಬಳ್ಳಾರಿಗೆ ಹೋದವರು ಸಿಸ್ಟರನ್ನು ಕಂಡು ಬಂದರು. ಹಿಂದಿನ ರಾತ್ರಿ ಚೀಲದಿಂದ ಮೊದಲು ವಿಭೂತಿ ಗಟ್ಟಿಗಳು ಹೊರಬಂದವು, ಆಮೇಲೆ ಒಂದು ಕಾಗದ, ಆಮೇಲೆ ಆ ಸೀಸೆ. ಗಿರಿಜೆಗೆ ಜಾಗ ಇದೆ, ಮುಂದಿನ ತಿಂಗಳು ಕರೆತಾ ಎಂದು ಕಾಗದದಲ್ಲಿ ಬರೆದಿತ್ತು. ಕೆಳಗೆ ಇನ್ನೊಂದು ಮಾತು: 'ಇದು ನಮ್ಮೂರಲ್ಲಿ ನನ್ನ ಅಣ್ಣ, ಅವನ ಹೆಂಡತಿ, ಇಬ್ಬರು ಮಕ್ಕಳು ಸೇರಿ ನಮ್ಮ ಸಣ್ಣ ದ್ರಾಕ್ಷಿ ತೋಟದಲ್ಲಿ ಮಾಡಿದ ವೈನು. ಸಿಹಿ ಇರುವುದಿಲ್ಲ, ನೊರೆ ಇರುತ್ತದೆ. ಸಂತೋಷದ ದಿನ ಕುಡಿಯಿರಿ.'

ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. "ಕಾಗದದಾಗ ಸುತ್ತಿತ್ತು, ನಾ ಏನೋ ಎಣ್ಣಿ ಅಂದ್ಕೊಂಡೆ" ಎಂದರು ಯಜಮಾನರು. ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಅಷ್ಟರಲ್ಲಿ ಅತ್ತೆಯವರು ಬಂದು, "ಏನದು?" ಎಂದರು. "ಸಿಸ್ಟರ ಅಣ್ಣನ ತೋಟದ ದ್ರಾಕ್ಷಿ ರಸ ಅತ್ತೀ" ಎಂದೆ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಿಜವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ಯಾರೂ ಕಲಿಸಿರಲಿಲ್ಲ.

ಬೆಳಗಾದೊಡನೆ ಹಿತ್ತಲಲ್ಲಿ ಚೆಲ್ಲಿಬಿಡು ಎಂದಿದ್ದರು ಯಜಮಾನರು. ಚೆಲ್ಲಲು ಕೈ ಬರಲಿಲ್ಲ. ಸೀಸೆಯ ಚೀಟಿಯ ಮೂಲೆಯಲ್ಲಿ ಯಾರೋ ಮಸಿಯಲ್ಲಿ ಒಂದು ಅಂಕಿ ಬರೆದಿದ್ದರು. ಏಳೋ ಒಂದೋ ತಿಳಿಯದ ಸೊಟ್ಟ ಅಂಕಿ. ಆ ಅಣ್ಣನೇ ಬರೆದಿರಬೇಕು ಎನಿಸಿ ಮನಸ್ಸು ಮೆತ್ತಗಾಯಿತು. ಬಿರಡೆ ಹಾರದಂತೆ ಕರುವಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆ ತಂತಿ ಬಿಗಿದಿದ್ದರು. ಇಷ್ಟು ಭದ್ರವಾಗಿ ಕಟ್ಟಿದ್ದು ಇರಲಿ ಬಿಡು ಎಂದುಕೊಂಡು ಒಗೆಯುವ ಬಟ್ಟೆ ಹೊತ್ತು ಗಿರಿಜೆಯೊಂದಿಗೆ ಬಾವಿಗೆ ಹೋದೆ.

ಬಿಸಿಲೇರಿತ್ತು. ಒದ್ದೆ ಬಟ್ಟೆಯೊಂದಿಗೆ ಹಿತ್ತಲ ಬಾಗಿಲಿಗೆ ಬಂದೆವೋ ಇಲ್ಲವೋ, ಒಳಗೆ 'ಢಬ್!' ಎಂದಿತು. ಬಿರಡೆ ಹಾರಿ ಬಡಿದು ನೆಲುವಿನ ಮೇಲಿದ್ದ ಮೊಸರಿನ ಗಡಿಗೆ ಒಡೆದು ಸುರಿಯಿತು. "ಅಯ್ಯ ಶಿವನ! ಸೀಸ್ಯಾಗ ಏನೈತೇ ಶಾಂತವ್ವಾ!" ಎಂದು ಅತ್ತೆಯವರ ಕೂಗು.

ಓಡಿದೆ. ಮೊಸರಿನ ಮಡುವಿನ ನಡುವೆ ಇಬ್ಬರೂ ಕುಳಿತಿದ್ದರು. ಗಿರಿಜೆಯ ಶಾಲೆಯ ಮಾತಾಡಲು ಶಾಂತವ್ವನನ್ನು ಕರೆಸಿದ ಅತ್ತೆಯವರು, ಬಿಸಿಲಲ್ಲಿ ಬಂದವರಿಗೆ ತಂಪಾಗಿ ಏನಾದರೂ ಕೊಡೋಣವೆಂದು ಅಟ್ಟ ಹುಡುಕಿದ್ದರು. ರಸ ಆಗಲೇ ಹಿತ್ತಾಳೆ ಬೋಗುಣಿಯಲ್ಲಿತ್ತು. ಅತ್ತೆಯವರು ಒಂದು ಸೌಟು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು.

"ಒಂಚೂರು ಸಿಹಿ ಇಲ್ಲ. ಪಾಪ, ಆ ತಾಯಿ ಸಕ್ರಿ ಹಾಕಾದು ಮರ್ತಾಳ" ಎನ್ನುತ್ತ, ಕುಟ್ಟಿದ ಬೆಲ್ಲ ಏಲಕ್ಕಿ ಶುಂಠಿಯನ್ನು ಬೊಗಸೆ ತುಂಬ ಅದಕ್ಕೆ ಸುರಿದುಬಿಟ್ಟರು!

ಹಾಲು ಉಕ್ಕುವುದನ್ನು ನೋಡಿದ್ದೇನೆ. ಒಲೆಯಿಲ್ಲದೆ, ನೆಲದ ಮೇಲೆ, ಬುಸ್ಸೆಂದು ಮೊಳದೆತ್ತರ ಉಕ್ಕಿದ್ದನ್ನು ಅಂದೇ ನೋಡಿದ್ದು. ಅರ್ಧ ನೆಲದ ಪಾಲಾಯಿತು. ಉಳಿದದ್ದನ್ನು ಅತ್ತೆಯವರು ಎರಡು ಲೋಟಕ್ಕೆ ಬಗ್ಗಿಸಿದರು.

"ಅತ್ತೀ, ಬ್ಯಾಡ್ರಿ!"

"ಯಾಕ ಬ್ಯಾಡ?"

ಬಾಯಿ ತೆರೆದೆ. ಬಾಗಿಲಲ್ಲಿ ಗಿರಿಜೆ ಒದ್ದೆ ಲಂಗ ಹಿಡಿದು ನಿಂತಿದ್ದಳು. ಒಂದು ಮಾತು ಆಡಿದರೆ ಅವಳ ಶಾಲೆ ಅಲ್ಲಿಗೇ ಮುಗಿಯಿತು. ಆಡದಿದ್ದರೆ ಅತ್ತೆಯವರ ಜೀವಮಾನದ ಆಚಾರ ಮುಗಿಯಿತು. "ಸೆಕಿಗೆ ಕೆಟ್ಟಿರಬಹುದ್ರಿ" ಎಂದಷ್ಟೇ ಅಂದೆ.

"ಕೆಟ್ಟಿಲ್ಲ ಬಿಡವಾ" ಎಂದರು ಶಾಂತವ್ವ. ಅವರ ಲೋಟ ಆಗಲೇ ಬರಿದಾಗಿತ್ತು. "ಇನ್ನೊಂಚೂರು ಹಾಕು" ಎಂದು ಮುಂದಕ್ಕೂ ಚಾಚಿದರು. ಅತ್ತೆಯವರು ಅರ್ಧ ಲೋಟ ಕುಡಿದು, ಕಂಬಕ್ಕೊರಗಿ, ಕಾರಣವಿಲ್ಲದೆ ನಕ್ಕರು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಹಲ್ಲು ಎಣಿಸಿದ್ದು ಅದೇ ಮೊದಲು.

"ಶಾಂತವ್ವಾ, ಹುಡುಗಿನ್ನ ಕಳಸನೇನು?"

"ಕಳಸವಾ. ಚಲೋ ಮಂದಿ ಅದಾರ."

"ಹಂಗಾರ ಕಳಸೂದ. ಇಂಥ ಪಾನಕ ಕೊಡೋ ಮನಿಯಾಗ ನಮ್ಮ ಗಿರಿಜಿ ಬಡಕಲಾಗಂಗಿಲ್ಲ" ಎಂದು ಅತ್ತೆಯವರು ಅಲ್ಲೇ ಸೆರಗು ಹಾಸಿ ಮಲಗಿ ನಿದ್ದೆಹೋದರು.

ವರ್ಷವಿಡೀ ಕಾದ ಹೂಂ ಸಿಕ್ಕಿತ್ತು. ಆದರೆ ವಾಸನೆ ಇನ್ನೂ ಉಳಿದಿತ್ತು. ನೆಲವನ್ನು ಎರಡು ಸಲ ಸಗಣಿಯಿಂದ ಸಾರಿಸಿದೆ, ಲೋಬಾನ ಹಾಕಿದೆ, ಸೀಸೆಯನ್ನು ಹಿತ್ತಲಲ್ಲಿ ಹೂತೆ. ನಾಲ್ಕಕ್ಕೆ ಎದ್ದ ಅತ್ತೆಯವರು ಎಂದಿನಂತೆ, "ಎಮ್ಮಿಗೆ ನೀರು ಕುಡಿಸಿದ್ಯಾ?" ಎಂದರು. ನನಗೆ ಕಣ್ಣೀರೇ ಬಂತು. ಅವರಿಗೇನೂ ಗೊತ್ತಾಗಿಲ್ಲ. ಊರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಇಂಗ್ಲಿಷು ಬಲ್ಲ ಹೆಂಗಸು, ಆ ಚೀಟಿ ಓದಬಲ್ಲವಳು ನಾನೊಬ್ಬಳೇ ತಾನೇ? ಕಾನ್ವೆಂಟು ಓದಿದ್ದೂ ಸಾರ್ಥಕವಾಯಿತೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ದೀಪದ ಬತ್ತಿ ಹೊಸೆಯಲು ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ಶಾಂತವ್ವ ಹೆಪ್ಪಿಗೆ ಮಜ್ಜಿಗೆ ಬೇಡಿಕೊಂಡು ಬಂದರು. ಹಣೆಯ ಮೇಲೆ ಹೊಸ ವಿಭೂತಿ, ಕೈಯಲ್ಲಿ ಬಟ್ಟಲು. ಬಟ್ಟಲು ತುಂಬಿಕೊಂಡು, ಹೊಸ್ತಿಲು ದಾಟಿ, ಏನೋ ನೆನಪಾದವರಂತೆ ತಿರುಗಿದರು.

"ಮುಂದಿನ ಸಲ ಸೀಸಿಗೆ ಮದ್ಲ ಹಗ್ಗ ಕಟ್ಟಿ ಬಾವ್ಯಾಗ ಇಳಿಬಿಡವಾ. ತಣ್ಣಗಿದ್ರ ಅಷ್ಟು ಉಕ್ಕಂಗಿಲ್ಲ. ನಮ್ಮಪ್ಪ ಬಳ್ಳಾರಿ ದಂಡಿನ್ಯಾಗ ದೊರಿಗಳಿಗೆ ಹಂಗ ಕೊಡ್ತಿದ್ದ. ಆದ್ರ ಆತ ಬೆಲ್ಲ ಮಾತ್ರ ಹಾಕ್ತಿರಲಿಲ್ಲ, ನೋಡು."