ಜತ್ತಪ್ಪ ಹೇಳಿದ ತೀರ್ಪು

ಪುತ್ತೂರಿನ ಮುನ್ಸೀಫರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಓದಿದರು, ಕಾಗದವನ್ನು ಬದಿಗಿಟ್ಟು ಮುಂದಿನ ಕೇಸು ಕರೆಯಲು ಹೇಳಿದರು. ಕನ್ನಡಕ ಒರೆಸುವುದನ್ನು ಕಂಡು, ಇನ್ನು ಸುರುವಾಗುತ್ತದೆ ಎಂದು ಹಿಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಮಂಡೆಕೋಲಿನ ದರ್ಜಿ ಜತ್ತಪ್ಪ, ಅದು ಮುಗಿದೇ ಹೋಗಿದೆ ಎಂಬುದನ್ನು ತಿಳಿಯಲು ಪಕ್ಕದಲ್ಲಿದ್ದ ವಕೀಲರ ಗುಮಾಸ್ತನನ್ನು ಕೇಳಬೇಕಾಯಿತು.

"ಎಂತ ಹೇಳಿದ್ರು?"

"ದಾರಿ ಬಿಡ್ಬೇಕಂತೆ. ಬೇಲಿ ತೆಗೀಬೇಕಂತೆ."

"ಮತ್ತೆ?"

"ಮತ್ತೆ ಎಂತ ಮಾರಾಯ್ರೆ? ಊಟಕ್ಕೆ ಹೋಗುದು."

ಕೇಸು ಮಂಡೆಕೋಲಿನ ಅಣ್ಣ ತಮ್ಮಂದಿರಾದ ದೇರಣ್ಣ, ಚನಿಯಪ್ಪನವರದು. ತಮ್ಮ ಚನಿಯಪ್ಪನ ಮನೆಯಿಂದ ಮಾರ್ಗಕ್ಕೆ ಹೋಗುವ ಕಾಲುದಾರಿ ಅಣ್ಣ ದೇರಣ್ಣನ ಜಾಗದಲ್ಲಿ ಹಾದುಹೋಗುತ್ತಿತ್ತು. ಒಂದು ಹಬ್ಬದ ದಿನ ಯಾವುದೋ ಮಾತಿಗೆ ಸಿಟ್ಟು ಬಂದು ದೇರಣ್ಣ ಆ ದಾರಿಗೆ ಅಡ್ಡವಾಗಿ ಮುಳ್ಳುಬೇಲಿ ಹಾಕಿದ. ಆ ಮಾತು ಏನೆಂದು ಈಗ ಇಬ್ಬರಿಗೂ ನೆನಪಿರಲಿಲ್ಲ, ಬೇಲಿ ಮಾತ್ರ ಉಳಿದಿತ್ತು. ಅಜ್ಜನ ಕಾಲದಿಂದ ನಡೆದ ದಾರಿಯನ್ನು ಮುಚ್ಚಲು ಯಾವ ಕೋರ್ಟೂ ಬಿಡುವುದಿಲ್ಲವೆಂದು ಊರಿನಲ್ಲಿ ಎಲ್ಲರಿಗೂ ಮೊದಲ ದಿನವೇ ಗೊತ್ತಿತ್ತು. ದೇರಣ್ಣನಿಗೂ ಗೊತ್ತಿತ್ತು. ಆದರೂ ಕೇಸು ನಡೆಯಿತು.

ಎರಡು ಮಳೆಗಾಲ ಕಳೆದರೂ ಜತ್ತಪ್ಪ ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸಿರಲಿಲ್ಲ. ವಾಯಿದೆಯ ದಿನ ಹೊಲಿಗೆ ಮೆಷಿನಿಗೆ ಬಟ್ಟೆ ಹೊದಿಸಿ ಪುತ್ತೂರಿಗೆ ಹೋಗುವುದು, ಸಂಜೆ ಬಂದು ಹೋಟೆಲಿನ ಜಗಲಿಯಲ್ಲಿ ಕೋರ್ಟಿನ ಕತೆ ಹೇಳುವುದು. ವಕೀಲರ ಸವಾಲು, ಸಾಕ್ಷಿಯ ಬೆವರು, ಮುನ್ಸೀಫರ ಆಕಳಿಕೆ ಎಲ್ಲವನ್ನೂ ಅವನೊಬ್ಬನೇ ಮಾಡಿ ತೋರಿಸುತ್ತಿದ್ದ. ಮದುವೆಯ ರವಕೆ ಮದುವೆ ಮುಗಿದ ಮೇಲೆ ಸಿಕ್ಕಿದರೂ ಜನ ಅವನನ್ನು ಕ್ಷಮಿಸುತ್ತಿದ್ದರು. ಯಾಕೆಂದರೆ ಮುಂದಿನ ವಾಯಿದೆಯಲ್ಲಿ ಏನಾಯಿತೆಂದು ತಿಳಿಯಲು ಅವರಿಗೆ ಬೇರೆ ಗತಿ ಇರಲಿಲ್ಲ.

ಜತ್ತಪ್ಪನಿಗೆ ಬೇಕಾಗಿದ್ದದ್ದು ಮಾತ್ರ ಬೇರೆ. ಅಣ್ಣ ತಮ್ಮ ಇಬ್ಬರೂ ಊರಿನ ತಾಳಮದ್ದಳೆ ಸಂಘದಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಆ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಎದುರೆದುರು ಕೂತು ಅವರು ವಾದಕ್ಕೆ ಇಳಿದರೆ ಜನ ವೀಳ್ಯ ಜಗಿಯುವುದನ್ನೂ ಮರೆಯುತ್ತಿದ್ದರು. ಬೇಲಿ ಬಿದ್ದ ಮೇಲೆ ಅವರು ಬರಲಿಲ್ಲ, ಸಂಘವೂ ನಿಂತುಹೋಯಿತು. ಜತ್ತಪ್ಪನಿಗೆ ಅದು ಮನೆಯಲ್ಲಿ ಯಾರೋ ಸತ್ತಷ್ಟು ಸಂಕಟ. ಒಂದಲ್ಲ ಒಂದು ದಿನ ಕೋರ್ಟಿನಲ್ಲಾದರೂ ಇಬ್ಬರೂ ಎದುರೆದುರಾಗಿ ಒಂದು ಮಾತು ಆಡಿಯಾರು, ಆ ಮಾತು ತನ್ನ ಕಿವಿಗೆ ಬೀಳಲಿ ಎಂದೇ ಅವನು ಅಷ್ಟು ಸಲ ಹೋದದ್ದು. ಕೊನೆಯ ದಿನ ನೋಡಿದರೆ ಇಬ್ಬರೂ ಬಂದೇ ಇರಲಿಲ್ಲ. ತೀರ್ಪಿನ ದಿನ ನೀವು ಬೇಕಾಗಿಲ್ಲ ಎಂದು ಇಬ್ಬರ ವಕೀಲರೂ ಹೇಳಿದ್ದರಂತೆ.

ಬಸ್ಸು ಹತ್ತುವಾಗ ಅವನಿಗೆ ಅಳು ಬರುವ ಹಾಗಾಗಿತ್ತು. ತಾಳಮದ್ದಳೆಯಲ್ಲಿ ಕೂಡ ಕೊನೆಗೆ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಬೇಸರ ಅದರದ್ದಲ್ಲ. ಸೋಲುವವನು ಸೋಲುವ ಮೊದಲು ಏನು ಹೇಳುತ್ತಾನೆಂದು ಕೇಳಲು ಅಲ್ಲವೇ ಜನ ಕೂರುವುದು? ಇಲ್ಲಿ ಯಾರೂ ಏನೂ ಹೇಳಲಿಲ್ಲ. ಗೊತ್ತಿದ್ದದ್ದು ಗೊತ್ತಿದ್ದ ಹಾಗೆಯೇ ಮುಗಿಯಿತು.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತದ್ದು ದೇರಣ್ಣನ ಅತ್ತೆ ದುಗ್ಗಮ್ಮ. ಮಗಳ ಮನೆಗೆಂದು ಹೊರಟಿದ್ದಳು.

"ಎಂತ ಆಯ್ತು ಜತ್ತಪ್ಪ ಕೇಸು?"

"ದಾರಿ ಬಿಡ್ಬೇಕಂತೆ ದುಗ್ಗಮ್ಮಕ್ಕ."

"ಅದು ನನಗೂ ಗೊತ್ತುಂಟು. ಮತ್ತೆ ಎಂತ ಆಯ್ತು?"

"ಮತ್ತೆ ಎಂತದೂ ಆಗ್ಲಿಲ್ಲ."

ದುಗ್ಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ನಿದ್ದೆ ಮಾಡಿದ್ದಾ? ಇಷ್ಟು ಸಮಯ ನಡೆದ ಕೇಸು, ಎಂತದೂ ಆಗದೆ ಮುಗೀತದಾ? ಇಷ್ಟು ಹೇಳ್ಲಿಕ್ಕೆ ನೀನು ಸುಮ್ಮನೆ ಪೊಕ್ಕಡೆ ಪುತ್ತೂರಿಗೆ ಬಂದದ್ದಾ?"

ಹಿಂದಿನ ಸೀಟಿನವರೂ ಮುಂದೆ ಬಾಗಿ ಕಾದರು. ಜತ್ತಪ್ಪನಿಗೆ ಒಂದು ಕಡೆ ಅವಮಾನ, ಇನ್ನೊಂದು ಕಡೆ ಮನಸ್ಸಿನಲ್ಲೇ ಬೆಳೆದು ನಿಂತ ಆಸೆ. ಬಾಯಿ ತಾನಾಗಿ ತೆರೆಯಿತು.

"ಹಾಗಲ್ಲ. ಹೇಳಬಾರದು ಅಂತ ಇದ್ದೆ. ತೀರ್ಪು ಓದಿ ಆದ ಕೂಡ್ಲೆ ಚನಿಯಪ್ಪ ಎದ್ದು ನಿಂತ. ಕಣ್ಣಲ್ಲಿ ನೀರು. 'ಸ್ವಾಮಿ, ನನಗೆ ದಾರಿ ಬೇಡ. ನಾನು ಗುಡ್ಡೆ ಸುತ್ತು ಹಾಕಿ ಹೋಗ್ತೇನೆ. ಅಣ್ಣ ಮೊದಲಿನ ಹಾಗೆ ನನ್ನತ್ರ ಮಾತಾಡಿದ್ರೆ ಸಾಕು' ಅಂತ ಹೇಳಿದ. ಮುನ್ಸೀಫರು ಕನ್ನಡಕ ತೆಗೆದು ಒರೆಸಿದ್ರು."

ಕನ್ನಡಕದ ಮಾತು ನಿಜವಾಗಿದ್ದರಿಂದ ಉಳಿದದ್ದಕ್ಕೂ ಬಲ ಬಂತು. ದುಗ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಡೆಕೋಲಿಗೆ ಹೋಗಲು ಜಾಲ್ಸೂರಿನಲ್ಲಿ ಇಬ್ಬರೂ ಇಳಿದರು. ಹೊಳೆ ದಾಟಿದ್ದೇ ತಡ, ವಯಸ್ಸಾದ ಆ ಹೆಂಗಸು ಒಮ್ಮೆಯೂ ಹಿಂದೆ ನೋಡದೆ ಅಳಿಯನ ಮನೆಯ ದಾರಿ ಹಿಡಿದು ಓಡಿದಳು.

ಜತ್ತಪ್ಪ ಗಂಟಲು ಒಣಗಿ ತ್ಯಾಂಪಣ್ಣನ ಹೋಟೆಲಿಗೆ ಹೋದ. ತ್ಯಾಂಪಣ್ಣ ಎಂದರೆ ಚನಿಯಪ್ಪನ ಹೆಂಡತಿಯ ಅಣ್ಣ. ಜಗಲಿಯಲ್ಲಿ ಆಗಲೇ ಏಳೆಂಟು ಜನ ಕಾಯುತ್ತಿದ್ದರು.

"ನಮ್ಮವ ಗೆದ್ದ ಅಂತ ಹೇಳ್ಬೇಡಿ. ಅದು ಗೊತ್ತಿದ್ದದ್ದೇ," ಎಂದ ತ್ಯಾಂಪಣ್ಣ, ಚಾದ ಗ್ಲಾಸು ಎದುರಿಗಿಟ್ಟು. "ಕೊನೆಗೆ ಎಂತ ಆಯ್ತು ಹೇಳಿ."

ಜತ್ತಪ್ಪ ಗಂಟಲು ಸರಿಮಾಡಿಕೊಂಡ. "ತೀರ್ಪು ಓದಿ ಆದ ಕೂಡ್ಲೆ..."

"ಚನಿಯಪ್ಪ ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದ ಮಾರಾಯ್ರೆ," ಎಂದ ತ್ಯಾಂಪಣ್ಣ ಮಧ್ಯೆ ಬಾಯಿ ಹಾಕಿ. "ಈಗಷ್ಟೇ ಮನೆಗೆ ಹೋದ. ಸುದ್ದಿ ಕೇಳ್ಲಿಕ್ಕೆ ಧೈರ್ಯ ಇಲ್ಲ ಅವನಿಗೆ."

ಜತ್ತಪ್ಪ ಚಾ ಒಂದು ಗುಟುಕು ಕುಡಿದ. ಆ ಗುಟುಕು ಇಳಿಯುವಷ್ಟರಲ್ಲಿ ಕಣ್ಣೀರು ತಮ್ಮನ ಕಣ್ಣಿನಿಂದ ಅಣ್ಣನ ಕಣ್ಣಿಗೆ ಹೋಗಿ ಕೂತಿತ್ತು.

"...ದೇರಣ್ಣ ಎದ್ದು ನಿಂತ. ಅವನ ದನಿಯೇ ಏಳ್ಲಿಲ್ಲ. 'ಸ್ವಾಮಿ, ಬೇಲಿ ತೆಗೆಸ್ಲಿಕ್ಕೆ ಕೋರ್ಟಿನ ಅಮೀನನನ್ನು ಕಳಿಸ್ಬೇಡಿ. ನಾನು ಹಾಕಿದ ಬೇಲಿ ನಾನೇ ಕೀಳ್ತೇನೆ. ತಮ್ಮ ದಾರಿಯಲ್ಲಿ ಹೋದ್ರೆ ಸಾಲದು, ನನ್ನ ಮನೆಗೂ ಬರ್ಬೇಕು' ಅಂತ ಹೇಳಿ ಅತ್ತ."

ಇಂಥ ಕೊನೆಯನ್ನು ಯಾರೂ ಎಣಿಸಿರಲಿಲ್ಲ. ತ್ಯಾಂಪಣ್ಣ ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ನೋಡದೆ, ಹೆಗಲ ಮೇಲಿನ ಬೈರಾಸು ಕೊಡವಿ ಭಾವನ ಮನೆಗೆ ಹೊರಟ.

ಮನೆಯ ಕಡೆ ನಡೆಯುವಾಗ ಜತ್ತಪ್ಪನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಅಣ್ಣನ ಅತ್ತೆ ಒಂದು ಕತೆ ಹೊತ್ತು ಆಚೆ ಮನೆಗೆ ಹೋಗಿದ್ದಾಳೆ, ತಮ್ಮನ ಭಾವ ಇನ್ನೊಂದನ್ನು ಹೊತ್ತು ಈಚೆ ಮನೆಗೆ ಹೋಗಿದ್ದಾನೆ. ನಡುವೆ ಇರುವುದು ಒಂದು ಬೇಲಿ. ಎರಡು ಕತೆಯೂ ಬೇಲಿಯ ಹತ್ತಿರ ಎದುರಾದರೆ ಗತಿಯೇನು? ಉಳಿದಿದ್ದ ಅಷ್ಟಿಷ್ಟು ಸಂಬಂಧವೂ ತನ್ನಿಂದಲೇ ಹಾಳಾಗುತ್ತದೆ. ತಾಳಮದ್ದಳೆಯ ಮಾತು ಹಾಗಿರಲಿ, ಇನ್ನು ಇಬ್ಬರೂ ಒಂದು ಸಾವಿಗೂ ಸೇರಲಿಕ್ಕಿಲ್ಲ.

ಮನೆಗೆ ಬಂದವನೇ ಹೆಂಡತಿ ಲೋಲಾಕ್ಷಿಗೆ ಎಲ್ಲವನ್ನೂ ಹೇಳಿ ಅಟ್ಟ ಹತ್ತಿದ.

"ಯಾರು ಕೇಳಿದ್ರೂ ಜ್ವರ ಅಂತ ಹೇಳು."

"ಜ್ವರ ಬಂದವರು ಅಟ್ಟದಲ್ಲಿ ಎಂತ ಮಾಡುದು?" ಎಂದಳು ಲೋಲಾಕ್ಷಿ. "ಕೋರ್ಟಿನಲ್ಲಿ ನಡೀದೇ ಇದ್ದದ್ದನ್ನು ನೀವು ಯಾಕೆ ಹೇಳ್ಲಿಕ್ಕೆ ಹೋದದ್ದು?"

"ನಡೀಬೇಕಿತ್ತು ಅಂತ ಇತ್ತು ನನಗೆ."

ಲೋಲಾಕ್ಷಿ ಅಂಗಳದ ಕಡೆಯ ಬಾಗಿಲು ಹಾಕಿ ಬಂದಳು. ಅವಳಿಗೂ ಆ ಇಬ್ಬರ ಅರ್ಥಗಾರಿಕೆ ಇಷ್ಟವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳದ ಆಚೆ ಜನ ಓಡುವ ಸದ್ದಾಯಿತು. ಬೇಲಿಯ ಹತ್ತಿರ ದೇರಣ್ಣ ಕತ್ತಿ ಹಿಡಿದುಕೊಂಡು ಬಂದಿದ್ದಾನಂತೆ, ಆಚೆಯಿಂದ ಚನಿಯಪ್ಪನೂ ಕತ್ತಿ ಹಿಡಿದುಕೊಂಡು ಬಂದಿದ್ದಾನಂತೆ ಎಂದು ಯಾರೋ ಬೊಬ್ಬೆ ಹೊಡೆಯುತ್ತ ಹೋದರು. ಜತ್ತಪ್ಪ ಅಟ್ಟದಲ್ಲಿ ಹಳೆಯ ಚಾಪೆಯ ಸುರುಳಿಯನ್ನು ಅಪ್ಪಿಕೊಂಡು ಕೂತ. ಹೋದರೆ ಮೊದಲ ಪೆಟ್ಟು ತನಗೆ. ಹೋಗದಿದ್ದರೆ ಪೆಟ್ಟು ಅವರಲ್ಲೊಬ್ಬರಿಗೆ. ಏಳುವುದು, ಕೂರುವುದು, ಮತ್ತೆ ಏಳುವುದು. ಹೀಗೆ ಬಹಳ ಹೊತ್ತು ಹೋಯಿತು. ಕೊನೆಗೆ ಕೆಳಗಿನಿಂದ ಲೋಲಾಕ್ಷಿ, "ನೀವು ಇಳೀತೀರಾ, ನಾನೇ ಹೋಗಿ ಹೇಳ್ಬೇಕಾ?" ಎಂದಾಗ ಅವನು ಏಣಿಯಿಂದ ಹಾರಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಅರ್ಧ ದಾರಿಯಲ್ಲಿ ಜನ ವಾಪಸು ಬರುತ್ತಿದ್ದರು. ಮುಂದೆ ತ್ಯಾಂಪಣ್ಣ, ಮುಖ ಸಪ್ಪೆ.

"ಯಾರಿಗೆ ಬಿತ್ತು?" ಎಂದು ಜತ್ತಪ್ಪ ಏದುಸಿರು ಬಿಡುತ್ತ ಕೇಳಿದ.

"ಯಾರಿಗೆ ಎಂತ ಬೀಳುದು? ಕತ್ತಿ ತಂದದ್ದು ಬೇಲಿ ಕಡೀಲಿಕ್ಕೆ. ಇವ ಈಚೆಯಿಂದ ಕಡಿದ, ಅವ ಆಚೆಯಿಂದ ಕಡಿದ. ಮುಗೀತು."

ಜತ್ತಪ್ಪ ಅವನ ಕೈ ಹಿಡಿದು ನಿಲ್ಲಿಸಿದ. "ಮಾತಾಡಿದ್ರಾ?"

"ಮಾತಾಡಿದ್ರು."

"ಮೊದಲು ಮಾತಾಡಿದ್ದು ಯಾರು? ಎಂತ ಹೇಳಿದ್ದು?"

"ಯಾರೋ ಒಬ್ಬ. ನಾವು ಸರಿಯಾಗಿ ಕೇಳ್ಲಿಲ್ಲ ಮಾರಾಯ್ರೆ. ನೀವು ಮಧ್ಯಾಹ್ನವೇ ಹೇಳಿದ್ದಲ್ವಾ? ಬೇಲಿ ಕೀಳುದು, ಅಳುದು, ಮನೆಗೆ ಕರೆಯುದು. ಅದೇ. ಹೊಸತು ಎಂತದೂ ಇಲ್ಲ. ಎರಡು ಕತ್ತಿ ಕಂಡು ಸ್ವಲ್ಪ ಆಸೆ ಇತ್ತು, ಅದೂ ಹೋಯ್ತು. ಅರ್ಧಕ್ಕೆ ಎದ್ದು ಬಂದೆವು."

ಎರಡು ಮಳೆಗಾಲ ಕಾದ ಮಾತು ತಾನು ಅಟ್ಟದಲ್ಲಿ ಚಾಪೆ ಅಪ್ಪಿಕೊಂಡಿದ್ದಾಗ ಆಗಿಹೋಗಿತ್ತು. ಕೇಳಿದವರಿಗೆ ಅದು ಬೇಡವಾಗಿತ್ತು. ಜತ್ತಪ್ಪ ಅವರನ್ನು ಬೈಯಲೂ ಆಗದೆ ಬೇಲಿಯ ಕಡೆ ನಡೆದ. ಅವನು ಹೋಗುವುದನ್ನು ಕಂಡು, ಏನಾದರೂ ಇದ್ದರೆ ಇರಲಿ ಎಂದು ತ್ಯಾಂಪಣ್ಣನೂ ಉಳಿದವರೂ ಹಿಂದಿನಿಂದ ಬಂದರು.

ಬೇಲಿ ಇದ್ದಲ್ಲಿ ಮುಳ್ಳಿನ ರಾಶಿ ಇತ್ತು. ಅದರ ಪಕ್ಕದಲ್ಲಿ ಕತ್ತಿಗಳನ್ನು ನೆಲಕ್ಕೆ ಹಾಕಿ ಅಣ್ಣ ತಮ್ಮ ಒಂದೇ ಸಂಚಿಯಿಂದ ಎಲೆ ಅಡಿಕೆ ತಿನ್ನುತ್ತ ಕೂತಿದ್ದರು. ದುಗ್ಗಮ್ಮ ಸುಣ್ಣ ಹಚ್ಚಿ ಕೊಡುತ್ತಿದ್ದಳು. ಜತ್ತಪ್ಪನ ಕಣ್ಣು ತುಂಬಿ ಬಂತು. ಅಷ್ಟನ್ನು ನೋಡಿ ಅವನು ಹಿಂದೆ ಹೋಗಿದ್ದರೆ ಒಳ್ಳೆಯದಿತ್ತು.

"ಬಾ ಜತ್ತಪ್ಪ," ಎಂದ ದೇರಣ್ಣ. "ನಿನ್ನ ಸುದ್ದಿಯೇ ಮಾತಾಡ್ತಾ ಇದ್ದೆವು. ಕೋರ್ಟಿನಲ್ಲಿ ಇವ ಅತ್ತದ್ದು ಹೇಗೆ, ಒಮ್ಮೆ ನಿನ್ನ ಬಾಯಲ್ಲೇ ಕೇಳುವ."

ಚನಿಯಪ್ಪ ಜಗಿಯುವುದನ್ನು ನಿಲ್ಲಿಸಿದ. "ನಾನಾ? ಅತ್ತದ್ದು ನೀನಲ್ವಾ ಅಣ್ಣ? ಭಾವ ಬಂದು ಹೇಳಿದ್ರಲ್ಲ."

"ನಾನು ಕೋರ್ಟಿಗೇ ಹೋಗ್ಲಿಲ್ಲ."

"ನಾನೂ ಹೋಗ್ಲಿಲ್ಲ."

ಆಮೇಲೆ ಅಣ್ಣನ ತಲೆ, ತಮ್ಮನ ತಲೆ, ದುಗ್ಗಮ್ಮನ ತಲೆ, ತ್ಯಾಂಪಣ್ಣನ ತಲೆ, ಎಲ್ಲವೂ ಜತ್ತಪ್ಪನ ಕಡೆ ತಿರುಗಿದವು.

"ನಾನು ಒಳ್ಳೇದಕ್ಕೇ..." ಎಂದು ಅವನು ಸುರುಮಾಡಿದ.

"ನೀನು ಸುಮ್ಮನಿರು," ಎಂದ ದೇರಣ್ಣ. "ಚನಿಯಾ, ಇವ ನಮ್ಮಿಬ್ಬರನ್ನೂ ಊರಿನವರ ಎದುರು ಅಳಿಸಿದ್ದಾನೆ. ಇದಕ್ಕೆ ಕೇಸು ಹಾಕ್ಲಿಕ್ಕೆ ಆಗ್ತದಾ?"

"ಯಾಕೆ ಆಗುದಿಲ್ಲ ಅಣ್ಣ? ಮಾನನಷ್ಟ. ಒಟ್ಟಿಗೇ ಹಾಕುವ."

"ಹಾಕುವ. ಆದ್ರೆ ಕೋರ್ಟಿನಲ್ಲಿ ಇವ ಕೇಳ್ತಾನೆ, ಅತ್ತ ಅಂತ ಹೇಳಿದ್ರೆ ಮಾನ ಹೋಗುದು ಹೇಗೆ, ಅಳು ಮನುಷ್ಯನಿಗೆ ಬರುದಿಲ್ವಾ ಅಂತ. ಆಗ ಎಂತ ಹೇಳ್ತೀ?"

"ಹಾಗೆ ಕೇಳಿದ್ರೆ ನಾನು ಹೇಳ್ತೇನೆ, ಅಳು ನಮ್ಮದು, ಅದು ಯಾವಾಗ ಬರ್ಬೇಕು ಅಂತ ತೀರ್ಮಾನ ಮಾಡ್ಲಿಕ್ಕೆ ನೀನು ಯಾರು ಅಂತ."

"ಸಾಲದು. ಅದು ಎರಡನೆಯ ಮಾತು. ಮೊದಲು ಹೀಗೆ ಹಿಡಿಯಬೇಕು," ಎಂದು ದೇರಣ್ಣ ಪದ್ಮಾಸನ ಹಾಕಿ, ಬಲಗೈ ಎತ್ತಿ, ಗಂಟಲು ಸರಿಮಾಡಿಕೊಂಡ. ಚನಿಯಪ್ಪ ಎದ್ದುಹೋಗಿ ಅವನಿಗೆ ಎದುರಾಗಿ ಕೂತ.

ವಾದ ಏರಿತು. ಒಬ್ಬ ಜತ್ತಪ್ಪನ ಸುಳ್ಳನ್ನು ಸೀಳಿ ತೋರಿಸಿದರೆ ಇನ್ನೊಬ್ಬ ಅದರ ಹಿಂದಿನ ಕಾರಣವನ್ನು ಕೆದಕಿದ. ಒಂದು ಮಾತಿಗೆ ಇನ್ನೊಂದು ಮಾತು, ಅದಕ್ಕೆ ಮೇಲೊಂದು. ಬೇಸರದಿಂದ ಬಂದಿದ್ದ ಜನ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಎಂದೋ ನಿಂತುಹೋಗಿದ್ದ ಆ ಎರಡು ದನಿಗಳನ್ನು ಕೇಳುತ್ತ ಜತ್ತಪ್ಪನೂ ಕೂತ. ಇಷ್ಟು ಒಳ್ಳೆಯ ವಾದವನ್ನು ಅವನು ಪುತ್ತೂರಿನಲ್ಲಿ ಒಂದು ದಿನವೂ ಕೇಳಿರಲಿಲ್ಲ. ಆರೋಪಿ ತಾನೇ ಎಂಬ ಸಂಕಟದ ನಡುವೆಯೂ ಅವನಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಇನ್ನಷ್ಟು ಹೆದರಿಕೆಯಾಯಿತು. ಅವರು ಹಿಡಿದ ದಾರಿಯಲ್ಲಿ ಹೋದರೆ ತಾನು ಸೋಲುವುದು ಖಂಡಿತ ಎಂದು ಅವನಿಗೆ ಆಗಲೇ ಕಂಡಿತು, ಬಾಯಿಯೂ ತೆರೆಯಿತು.

ದುಗ್ಗಮ್ಮ ಅವನ ಮೊಣಕೈ ತಿವಿದಳು.

"ಜತ್ತಪ್ಪ, ಇದು ಕೊನೆಗೆ ಎಂತ ಆಗ್ತದೆ ಅಂತ ನಿನಗೆ ಗೊತ್ತಿದ್ರೂ ಈಗ ಹೇಳ್ಬೇಡ ಮಾರಾಯ. ನಾವು ನೋಡುವ."