ಮೇಜರನ ಹಸಿ ಊಟ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ಬಡಿದ ಸದ್ದಾದಾಗ ಗೋಂದಣ್ಣ ಸುಮ್ಮನೆ ಮುಸುಕು ಹೊದ್ದು ಮಲಗಿದ್ದರೆ ಅವನ ಬಾಳು ಬೇರೆಯೇ ಆಗುತ್ತಿತ್ತು. ಆದರೆ ಅವನು ಆಗಲೇ ಎದ್ದು ಹಲ್ಲುಜ್ಜುತ್ತಿದ್ದ. ಬ್ರಶ್ಶನ್ನು ಬಾಯಲ್ಲೇ ಕಚ್ಚಿಕೊಂಡು ಹೋಗಿ ಚಿಲಕ ತೆಗೆದ. ಹೊಸ್ತಿಲಾಚೆ ಕಚೇರಿಯ ಸಾಹೇಬರು, ಪಕ್ಕದಲ್ಲಿ ಅವರ ಹೆಂಡತಿ ಮೇಡಂ, ಇಬ್ಬರ ನಡುವೆ ನಾಲ್ಕೇ ಕಾಲಲ್ಲಿ ನಲವತ್ತು ಕಾಲಿನಷ್ಟು ಕುಣಿಯುತ್ತಿದ್ದ ಒಂದು ನಾಯಿಮರಿ.

ಗೋಂದಣ್ಣ ಎಂಬುದು ಅವನಿಗೆ ಕಚೇರಿ ಕೊಟ್ಟ ಹೆಸರು. ಹನ್ನೊಂದು ವರ್ಷದಿಂದ ಲಕೋಟೆಗಳಿಗೆ ಗೋಂದು ಹಚ್ಚಿ ಊರೂರಿಗೆ ಕಳಿಸುವುದೇ ಅವನ ಕೆಲಸ. ಲಕೋಟೆಗಳೆಲ್ಲ ಹೋಗುತ್ತಿದ್ದವು, ಅವನು ಮಾತ್ರ ಅಲ್ಲೇ ಅಂಟಿಕೊಂಡಿದ್ದ. ಅವನ ಹೆಂಡತಿ ರೈಲಿನಲ್ಲಿ ಆರು ಗಂಟೆ ದೂರದ ಊರಲ್ಲಿ ಟೀಚರು. ಆ ಊರಿನ ಶಾಖೆಗೆ ವರ್ಗ ಕೊಡಿ ಎಂದು ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಈಗ ಫೈಲು ತೆವಳುತ್ತಾ ತೆವಳುತ್ತಾ ಸಾಹೇಬರ ಬಳಿಗೆ ಬಂದಿತ್ತು. ಒಂದು ಸಹಿ ಬಿದ್ದರೆ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ.

“ನಾವು ಸ್ನೇಹಿತರ ಮನೆಗೆ ಹೊರಟಿದ್ದೀವಿ ಕಣ್ರೀ. ಸಂಜೆ ಆರಕ್ಕೆ ಬರ್ತೀವಿ. ಅಲ್ಲೀವರೆಗೆ ಇವನನ್ನ ನೋಡ್ಕೊಳ್ಳಿ. ಇವನ ಹೆಸರು ಮೇಜರ್,” ಎಂದರು ಸಾಹೇಬರು.

ವಯಸ್ಸಿನಲ್ಲಿ ಅಪ್ಪಟ ಮೈನರ್. ಐದೇ ತಿಂಗಳು. ಆದರೆ ಪಾದಗಳು ಯಾರೋ ದೊಡ್ಡವರಿಂದ ಎರವಲು ತಂದಂತಿದ್ದವು. “ಆಗ್ಲಿ ಸಾರ್” ಎನ್ನಲು ಹೋಗಿ ಗೋಂದಣ್ಣ ಬಾಯಿ ತುಂಬ ಇದ್ದ ಪೇಸ್ಟನ್ನು ನುಂಗಿಬಿಟ್ಟ.

ಮೇಡಂ ಒಂದು ಹಾಳೆ ಚಾಚಿದರು. “ಬೆಳೆಯೋ ಮರಿ ನೋಡಿ. ಇಷ್ಟು ದಿನ ಪ್ಯಾಕೆಟ್ಟಿನ ಡಾಗ್ ಫುಡ್ಡು ತಿಂತಿದ್ದ. ಡಾಕ್ಟರು ಹಸಿ ಮಾಂಸಕ್ಕೆ ಬದಲಾಯಿಸಿ, ಆದ್ರೆ ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ಬೆರೆಸ್ತಾ ಬನ್ನಿ ಅಂದ್ರು. ಹತ್ತು ದಿನ ಬೆರೆಸಿದ್ದಾಯ್ತು. ಇವತ್ತಿಂದ ಪೂರ್ತಿ ಹಸಿ. ಬೇಯಿಸಬಾರ್ದು, ಉಪ್ಪು ಹಾಕಬಾರ್ದು, ಬಿಸ್ಕತ್ತು ಅನ್ನೋ ಮಾತೂ ಆಡಬಾರ್ದು. ಮಾಂಸ ತಾಜಾ ಇರ್ಬೇಕು, ಅದಕ್ಕೇ ನಾವು ತಂದಿಲ್ಲ, ನೀವೇ ತನ್ನಿ.”

“ಚೆನ್ನಾಗಿ ತಿಂತಾನಾ ಮೇಡಂ?”

ಮೇಡಂ ಸಾಹೇಬರ ಮುಖ ನೋಡಿದರು. ಸಾಹೇಬರು ಕಾರಿನ ಮುಖ ನೋಡಿದರು. “ತಿನ್ನಿಸಿದ್ರೆ ತಿಂತಾನೆ,” ಎಂದರು ಮೇಡಂ.

ಸಾಹೇಬರು ಹೊರಡುತ್ತಾ ಕೈಯಲ್ಲಿದ್ದ ಬ್ಯಾಗನ್ನು ತಟ್ಟಿದರು. “ನಿಮ್ಮ ಫೈಲು ಇದರಲ್ಲೇ ಇದೆ. ಸಂಜೆ ಬಂದಾಗ ಮುಗಿಸಿಬಿಡೋಣ.”

ಆ ಮಾತಿಗೆ ಗೋಂದಣ್ಣ ಹುಲಿಮರಿಯನ್ನಾದರೂ ಸಾಕಲು ಸಿದ್ಧನಿದ್ದ. ತೊಂದರೆ ಒಂದೇ. ಅವನಿಗೆ ರಕ್ತ ಕಂಡರಾಗದು. ಗಡ್ಡ ಹೆರೆಯುವಾಗ ಒಂದು ಹನಿ ಚಿಮ್ಮಿದರೂ ಕನ್ನಡಿಯೊಳಗಿನ ಗೋಂದಣ್ಣ ಮೊದಲು ಬೀಳುತ್ತಿದ್ದ, ಹೊರಗಿನವನು ಅವನ ಹಿಂದೆ.

ಮಾಂಸದಂಗಡಿಗೆ ಅವನು ಕಣ್ಣು ಮುಚ್ಚಿಕೊಂಡೇ ಹೋದ. ಮರಿಯೇ ಹಗ್ಗ ಹಿಡಿದು ಎಳೆದೊಯ್ದಿತು.

“ಯಾವ ಭಾಗ ಕೊಡ್ಲಿ ಅಣ್ಣಾ?” ಅಂಗಡಿಯವನು ಕೇಳಿದ.

“ಯಾವುದಾದ್ರೂ ಸರಿ. ಸ್ವಲ್ಪ ಕಡಿಮೆ ಕೆಂಪಗಿರೋದು.”

“ಇದು ತರಕಾರಿ ಅಲ್ಲಣ್ಣ, ಹಣ್ಣು ಕಾಯಿ ಅಂತ ಆರಿಸೋಕೆ!”

ಹಾಳೆಯಲ್ಲಿದ್ದುದನ್ನು ಗೋಂದಣ್ಣ ಕಣ್ಣು ಮುಚ್ಚಿ ಓದಲಾರದೆ, ಹಾಳೆಯನ್ನೇ ಅಂಗಡಿಯವನ ಕೈಗಿಟ್ಟ. ಮಾಂಸ, ಒಂದು ತುಂಡು ಲಿವರು, ಎಳೆ ಮೂಳೆ, ಎಲ್ಲ ಎರಡು ಹೊತ್ತಿನದು. ಕತ್ತಿ ‘ಟಕ್’ ಎಂದಾಗಲೆಲ್ಲ ಇವನ ಮಂಡಿ ಒಂದೊಂದು ಅಂಗುಲ ಬಗ್ಗುತ್ತಿತ್ತು. ಕೊನೆಗೆ ಅಂಗಡಿಯವನೇ ಸ್ಟೂಲು ಹಾಕಿ ಕೂರಿಸಿ, ನೀರು ಕುಡಿಸಿ, ಮರಿಯತ್ತ ಒಂದು ಚೂರು ಎಸೆದ. ಮೇಜರ್ ಹಾವು ಕಂಡವನ ಹಾಗೆ ಹಾರಿ ಗೋಂದಣ್ಣನ ಕಾಲುಗಳ ಹಿಂದೆ ಅಡಗಿತು.

“ಜೋಡಿ ಚೆನ್ನಾಗಿದೆ,” ಎಂದ ಅಂಗಡಿಯವನು.

ಮನೆಗೆ ಬಂದು ಮೂಗಿಗೆ ಟವಲು ಕಟ್ಟಿ, ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡು, ಬೆಳಗಿನ ಪಾಲನ್ನು ತಟ್ಟೆಗೆ ಸುರಿದ. ಮೇಜರ್ ಬಂದು ಮೂಸಿತು. ಒಂದು ಸುತ್ತು ಹಾಕಿತು. ಆಮೇಲೆ ತಟ್ಟೆಗೆ ಬೆನ್ನು ಹಾಕಿ, ಜಗಳವಾಡಿದ ನೆಂಟನಂತೆ ಕುಳಿತಿತು.

ಅಷ್ಟರಲ್ಲಿ ಕೆಳಗಿನ ಮನೆಯ ಓನರಮ್ಮ ಬಂದರು. ಕಟ್ಟಡದಲ್ಲಿ ಯಾರ ಮನೆಗೆ ಏನು ಬಂದರೂ, ಬಂದದ್ದು ಒಳಗೆ ಹೋಗುವ ಮೊದಲೇ ಅವರಿಗೆ ತಿಳಿಯಬೇಕು.

“ಹಸೀದಾ? ಥೂ! ನಿನಗೆ ಯಾರಾದ್ರೂ ಹಸೀದು ತಂದು ಇಟ್ರೆ ತಿಂತೀಯೇನಪ್ಪಾ? ತಾ ಇಲ್ಲಿ, ಎರಡು ನಿಮಿಷ ಬಾಡಿಸಿ ಕೊಡ್ತೀನಿ.”

“ಬೇಯಿಸಬಾರದಂತೆ ಅಮ್ಮಾ, ಹಾಳೇಲಿ ಬರೆದಿದ್ದಾರೆ.”

“ಎಲ್ಲಿ ಹಾಳೆ?”

ಇಬ್ಬರೂ ತಿರುಗಿ ನೋಡಿದರು. ಹಾಳೆಯ ಕೊನೆಯ ಮೂಲೆ ಮೇಜರನ ಬಾಯೊಳಗೆ ಇಳಿಯುತ್ತಿತ್ತು. ಅಗಿದು, ನುಂಗಿ, ತೃಪ್ತಿಯಿಂದ ಮೂತಿ ನೆಕ್ಕಿಕೊಂಡಿತು.

ಗೋಂದಣ್ಣನ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಸಂಜೆಯ ಪಾಲು ಕೆಡಬಾರದಲ್ಲ? ಕಾಡಿ ಬೇಡಿ, ಓನರಮ್ಮನ ಫ್ರಿಜ್ಜಿನ ತೀರಾ ಕೆಳಗಿನ ಅರೆಯಲ್ಲಿ, ಮೂರು ಪ್ಲಾಸ್ಟಿಕ್ ಚೀಲಗಳೊಳಗೆ, “ಹಾಲಿನ ಕಡೆ ತಿರುಗಿಯೂ ನೋಡಬಾರದು” ಎಂಬ ಷರತ್ತಿನ ಮೇಲೆ ಅದಕ್ಕೆ ಜಾಗ ಸಿಕ್ಕಿತು.

ಹತ್ತು ಗಂಟೆಗೆ ಮಹಡಿಯಿಂದ ಪೈಲ್ವಾನ್ ಇಳಿದು ಬಂದ. ಅವನು ಬೀದಿ ಕೊನೆಯಲ್ಲಿ ಜಿಮ್ಮು ನಡೆಸುವವನು. ತೋಳುಗಳು ಎಷ್ಟು ಉಬ್ಬಿದ್ದವೆಂದರೆ ಅವನ ಕೈ ಅವನ ಬೆನ್ನಿಗೆ ಸಿಗುತ್ತಿರಲಿಲ್ಲ.

“ಹಸಿವಾಗಿಲ್ಲ ಅದಕ್ಕೆ. ಓಡಿಸ್ಬೇಕು ಗೋಂದಣ್ಣ, ಓಡಿಸ್ಬೇಕು! ಬೆವರು ಬಂದ್ರೆ ಕಲ್ಲೂ ಕರಗುತ್ತೆ.”

“ನಾಯಿ ಬೆವರುತ್ತಾ?”

“ನೀನು ಬೆವರ್ತೀಯಲ್ಲ, ಸಾಕು.”

ಬೀದಿಯ ಉದ್ದಕ್ಕೂ ಆರು ಸುತ್ತು. ಮೇಜರ್ ಮುಂದೆ, ಹಗ್ಗ ಹಿಡಿದ ಗೋಂದಣ್ಣ ಹಿಂದೆ, ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯುವ ಪೈಲ್ವಾನ್ ಮೂರನೆಯವನು. ಏಳನೆಯ ಸುತ್ತಿಗೆ ಗೋಂದಣ್ಣ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದ. ಹಸಿವಾದದ್ದು ಮಾತ್ರ ಅವನಿಗೆ. ಮೇಜರ್ ಪೈಲ್ವಾನ್ ಕಳಚಿಟ್ಟಿದ್ದ ಬೂಟಿನೊಳಗಿಂದ ಕಾಲ್ಚೀಲ ಎಳೆದು ಅರ್ಧ ತಿಂದಿತು.

“ಏಯ್! ಅದು ತೊಳೆದು ಮೂರು ವಾರ ಆಗಿತ್ತೋ!” ಪೈಲ್ವಾನ್ ಕೂಗಿದ.

“ಕಾಲ್ಚೀಲ ತಿನ್ನೋನಿಗೆ ಮಾಂಸ ತಿನ್ನೋಕೆ ಏನು ರೋಗ?” ಎಂದು ಗೋಂದಣ್ಣ ಅಳುದನಿಯಲ್ಲಿ ಕೇಳಿದ.

ಮಧ್ಯಾಹ್ನ ಹೆಂಡತಿಯ ಫೋನು.

“ಏನ್ರೀ, ಸಹಿ ಆಯ್ತಾ?”

“ಸಂಜೆ ಕಣೇ. ನಾಯಿ ತಿಂದ ಮೇಲೆ.”

“ಫೈಲನ್ನ?”

“ಮಾಂಸಾನ!”

ವಿಷಯವೆಲ್ಲ ಕೇಳಿ ಅವಳು ಮೆತ್ತಗೆ, “ನಿಮ್ಮ ಬಟ್ಟೆ ಇಡೋಕೆ ಅಂತ ಕಪಾಟಿನ ಒಂದು ಬದಿ ಖಾಲಿ ಮಾಡಿಟ್ಟಿದ್ದೀನಿ ರೀ. ಏನಾದ್ರೂ ಮಾಡಿ, ಇವತ್ತೊಂದು ದಿನ ಗಟ್ಟಿ ಮನಸ್ಸು ಮಾಡಿ,” ಎಂದಳು. ಗಟ್ಟಿಗಿತ್ತಿ ಅವಳು, ಮೆತ್ತಗೆ ಮಾತಾಡುವವಳೇ ಅಲ್ಲ.

ಗೋಂದಣ್ಣ ಮೂಗಿನ ಟವಲು ಬಿಚ್ಚಿ ಎಸೆದ. ಬರಿಗೈಯಲ್ಲಿ ಒಂದು ತುಂಡು ಎತ್ತಿ, “ಬಾ ರಾಜಾ, ಬಾ ಚಿನ್ನಾ,” ಎಂದು ಮೇಜರನ ಮೂತಿಗೆ ಹಿಡಿದ. ಬೆರಳ ಸಂದಿಯಿಂದ ಒಂದು ಕೆಂಪು ಹನಿ ಇಳಿದು ಮಣಿಕಟ್ಟಿನವರೆಗೆ ಹರಿಯಿತು. ಅದನ್ನು ನೋಡಬಾರದಿತ್ತು, ನೋಡಿದ. ಮತ್ತೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದ, ಮೇಜರ್ ಅವನ ಎದೆಯ ಮೇಲೆ ಕುಳಿತು ಮುಖ ನೆಕ್ಕುತ್ತಿತ್ತು. ಕೈಯಲ್ಲಿದ್ದ ತುಂಡಿಗೆ ಅದರ ನಾಲಗೆ ಸೋಕಿಯೂ ಇರಲಿಲ್ಲ.

ಸಂಜೆ ಐದೂವರೆಯಾಯಿತು. ಓನರಮ್ಮ ನೆಲದ ಮೇಲೆ ಕೂತು ಮರಿಗೆ ಬುದ್ಧಿ ಹೇಳುತ್ತಿದ್ದರು. ಪೈಲ್ವಾನ್ ತಟ್ಟೆಯನ್ನೇ ನೋಡುತ್ತಾ ಗಲ್ಲ ಕೆರೆದುಕೊಳ್ಳುತ್ತಿದ್ದವನು ಫಕ್ಕನೆ ಎದ್ದ.

“ಹೊಟ್ಟೆಕಿಚ್ಚು! ಅದಕ್ಕೆ ಹೊಟ್ಟೆಕಿಚ್ಚು ಬರ್ಬೇಕು. ತನ್ನ ತಟ್ಟೆಗೆ ಇನ್ನೊಂದು ನಾಯಿ ಬಾಯಿ ಹಾಕಿದ್ರೆ ಯಾವ ನಾಯಿನೂ ಬಿಡಲ್ಲ.”

“ಈಗ ಇನ್ನೊಂದು ನಾಯಿ ಎಲ್ಲಿಂದ ತರೋದು?”

ಪೈಲ್ವಾನ್, ಓನರಮ್ಮ ಇಬ್ಬರೂ ಗೋಂದಣ್ಣನನ್ನು ನೋಡಿದರು.

ಗೋಂದಣ್ಣ ಅಂಗಿಯ ತೋಳು ಮಡಚಿದ. ಮಂಡಿಯೂರಿದ, ಕೈಯೂರಿದ. ತಟ್ಟೆಯ ಮೇಲೆ ಬಗ್ಗಿ “ಗುರ್ರ್” ಎಂದ. ಪೆಟ್ರೋಲು ಮುಗಿದ ಸ್ಕೂಟರಿನಂತೆ ಕೇಳಿಸಿತು. ಮೇಜರ್ ತಲೆ ಓರೆ ಮಾಡಿ, ಪಾಪ ಎಂಬಂತೆ ನೋಡಿತು.

“ಜೀವ ಇಲ್ಲಪ್ಪಾ ಅದರಲ್ಲಿ,” ಎಂದರು ಓನರಮ್ಮ.

ಗೋಂದಣ್ಣ ಕಣ್ಣು ಮುಚ್ಚಿದ. ಮೂರು ವರ್ಷದ ಅರ್ಜಿಗಳನ್ನು ನೆನೆದ. ‘ಪರಿಶೀಲಿಸಲಾಗುವುದು’ ಎಂದು ಬಂದ ಉತ್ತರಗಳನ್ನು, ಅವುಗಳ ಲಕೋಟೆಗೂ ತಾನೇ ಗೋಂದು ಹಚ್ಚಿದ್ದನ್ನು ನೆನೆದ. ಹೊಟ್ಟೆಯ ತಳದಿಂದ ಒಂದು ಗುರುಗುಟ್ಟುವಿಕೆ ಎದ್ದು ಬಂತು ನೋಡಿ, ಓನರಮ್ಮ ಹಾರಿ ಬಾಗಿಲ ಹಿಂದೆ ನಿಂತರು. ಅದೇ ಆವೇಶದಲ್ಲಿ ಅವನು ಒಂದು ತುಂಡನ್ನು ಹಲ್ಲಲ್ಲಿ ಕಚ್ಚಿ ಎತ್ತಿ, ತಲೆಯನ್ನು ಎಡಕ್ಕೂ ಬಲಕ್ಕೂ ಝಾಡಿಸಿದ.

ಮೇಜರನ ಕಿವಿಗಳು ನೆಟ್ಟಗಾದವು. ಮರುಕ್ಷಣ ಅದು ಬಾಣದಂತೆ ನುಗ್ಗಿ ತುಂಡಿನ ಇನ್ನೊಂದು ತುದಿ ಹಿಡಿಯಿತು. ಅದು ಎಳೆಯಿತು, ಇವನು ಎಳೆದ. ಅದು ಗುರ್ರ್ ಎಂದಿತು, ಇವನೂ ಗುರ್ರ್ ಎಂದ. ತುಂಡು ಅದರ ಪಾಲಾಯಿತು. ನುಂಗಿದ್ದೇ ತಡ, ಇವನೆಲ್ಲಿ ಮಿಕ್ಕದ್ದನ್ನೂ ತಿಂದುಬಿಡುತ್ತಾನೋ ಎಂದು ತಟ್ಟೆಗೆ ಬಿದ್ದು, ಲಿವರು, ಮೂಳೆ ಒಂದನ್ನೂ ಬಿಡದೆ ಗಬಗಬ ಮುಗಿಸಿತು.

“ಭೇಷ್!” ಎಂದು ಪೈಲ್ವಾನ್ ಕುಣಿದ.

“ಏನ್ರೀ ಇದು?” ಎಂದಿತು ಬಾಗಿಲಿನಿಂದ ಒಂದು ಧ್ವನಿ.

ಸಾಹೇಬರು. ಮೇಡಂ. ಗೋಂದಣ್ಣ ನಾಲ್ಕು ಕಾಲಲ್ಲೇ ತಿರುಗಿ ನೋಡಿದ. ಗಲ್ಲದ ಮೇಲೆ ಕೆಂಪು, ಮೂಗಿನ ಮೇಲೆ ಕೆಂಪು. ಏಳಬೇಕೆಂದು ಹೊಳೆಯಲೂ ಇಲ್ಲ. ಸಹಿ ಹೋಯಿತು, ವರ್ಗ ಹೋಯಿತು, ಮರ್ಯಾದೆ ಮೊದಲೇ ಹೋಗಿತ್ತು.

ಆದರೆ ಮೇಡಂ ಇವನತ್ತ ನೋಡುತ್ತಿರಲಿಲ್ಲ. ಖಾಲಿ ತಟ್ಟೆ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು.

“ತಿಂದ್ನಾ? ರೀ, ತಿಂದಿದ್ದಾನೆ ರೀ! ಹತ್ತು ದಿನದಿಂದ ಬರೀ ಡಾಗ್ ಫುಡ್ಡು ಹೆಕ್ಕಿ ತಿಂದು ಮಾಂಸ ಬಿಡ್ತಿದ್ದ. ಡಾಕ್ಟರ ಕೈಲೂ ತಿನ್ನಿಸೋಕಾಗ್ಲಿಲ್ಲ!”

ಸಾಹೇಬರು ಗೋಂದಣ್ಣನ ತೋಳು ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಕಚೇರಿಯಲ್ಲಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವರು ಇವನಿಗೆ ಕೂರಿ ಎಂದಿರಲಿಲ್ಲ. ಬ್ಯಾಗಿನಿಂದ ಫೈಲು ತೆಗೆದರು, ಜೇಬಿನಿಂದ ಪೆನ್ನು ತೆಗೆದರು. ಸಾಹೇಬರು ಪೆನ್ನನ್ನು ಕಾಗದದ ಮೇಲಿಟ್ಟರು, ತಡೆದರು.

“ಈ ಊರು ಇಲ್ಲಿಂದ ಎಷ್ಟು ದೂರ ಆಗುತ್ತೆ?”

“ರೈಲಲ್ಲಿ ಆರು ಗಂಟೆ ಸಾರ್.”

“ದಿನಾ ಎರಡು ಸಲ ಬಂದು ಹೋಗೋಕೆ ಆಗುತ್ತಾ?”

“ಯಾಕೆ ಸಾರ್?”

“ಬೆಳಿಗ್ಗೆ ಆರಕ್ಕೊಂದು ಸಲ, ಸಂಜೆ ಆರಕ್ಕೊಂದು ಸಲ,” ಎಂದರು ಮೇಡಂ. “ಈ ಜಾತಿ ನಾಯಿ ಎರಡು ವರ್ಷ ಬೆಳೆಯುತ್ತೆ. ಅಲ್ಲೀವರೆಗೆ ಸಾಕು.”

ಗೋಂದಣ್ಣ ಕುರ್ಚಿಯಿಂದ ಪುಟಿದೆದ್ದ. “ಬೇಕಾಗೇ ಇಲ್ಲ ಮೇಡಂ! ಒಂದು ಸಲ ರುಚಿ ಹತ್ತಿತಲ್ಲ, ಇನ್ಮೇಲೆ ತಾನೇ ತಿಂತಾನೆ. ಈಗಲೇ ತೋರಿಸ್ತೀನಿ.” ಕೆಳಗೋಡಿ ಫ್ರಿಜ್ಜಿನಿಂದ ಸಂಜೆಯ ಪಾಲು ತಂದ. ತಟ್ಟೆಗೆ ಸುರಿದು, ಕೈಕಟ್ಟಿ, ತುಟಿ ಬಿಗಿದು, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೂಲೆಗೆ ಹೋಗಿ ನಿಂತ.

ಮೇಜರ್ ತಟ್ಟೆ ಮೂಸಿತು. ತಲೆ ಎತ್ತಿ ಗೋಂದಣ್ಣನನ್ನು ಹುಡುಕಿತು. ಆಮೇಲೆ ಮೂತಿಯಿಂದ ತಟ್ಟೆಯನ್ನು ನೂಕತೊಡಗಿತು. ಕುರ್ಚಿ ದಾಟಿ, ಸಾಹೇಬರ ಬೂಟು ದಾಟಿ, ಚಾಪೆ ದಾಟಿ, ತಟ್ಟೆ ಕರಕರ ಜಾರುತ್ತಾ ಬಂದು ಮೂಲೆಯಲ್ಲಿ ನಿಂತವನ ಕಾಲಿಗೆ ಮುಟ್ಟಿತು. ಮೇಜರ್ ಎದುರಿಗೆ ಕುಳಿತು ಬಾಲ ಆಡಿಸುತ್ತಾ ಕಾಯತೊಡಗಿತು.

ಸಾಹೇಬರು ಫೈಲಿನಲ್ಲಿ, “ಇವರ ಸೇವೆ ಇಲ್ಲಿ ಅತ್ಯಗತ್ಯ. ಇನ್ನೆರಡು ವರ್ಷ ಬಿಡುಗಡೆ ಮಾಡಲಾಗದು,” ಎಂದು ಬರೆದು ಠೀವಿಯಿಂದ ಸಹಿ ಹಾಕಿದರು.

ಮೇಡಂ ನಗುಮುಖದಿಂದ ತಟ್ಟೆಯತ್ತ ಕೈ ತೋರಿಸಿದರು.

“ನೀವು ತಗೊಳ್ಳಿ ಮೊದಲು. ಸಂಕೋಚ ಪಟ್ಕೋಬೇಡಿ.”