ಮೆದುಳು ಡಾಕ್ಟರಮ್ಮನ ತಾಯಿ

ಹೆತ್ತವರು ಮಕ್ಕಳ ಬಗ್ಗೆ ಹೇಳುವುದನ್ನೆಲ್ಲ ಸುಳ್ಳಿನ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಸಾರಿಗೆ ಒಗ್ಗರಣೆ ಹಾಕಿದರೆ ಯಾರಾದರೂ ಮೋಸ ಎನ್ನುತ್ತಾರೆಯೇ? ನಾನೂ ಮಗಳ ಓದಿಗೆ ಒಂದಿಷ್ಟು ಒಗ್ಗರಣೆ ಹಾಕಿದೆ. ಅದು ಸ್ವಲ್ಪ ಘಾಟಾಯಿತು ಅಷ್ಟೆ.

ಮಗಳು ಅನಘಾ ಆಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನ್ಯೂರೋಸೈನ್ಸ್ ಪದವಿಯ ಎರಡನೇ ವರ್ಷದಲ್ಲಿದ್ದಳು. ನಾಲ್ಕನೇ ವಯಸ್ಸಿನಿಂದ ಬೆಳೆದದ್ದು ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ. ನಾನು ಕೆಲಸ ಮಾಡುವ ಶಿಶುವಿಹಾರದ ಸಹೋದ್ಯೋಗಿಗಳು ಫೀಕಾ ಎನ್ನುವ ಕಾಫಿ ಬಿಡುವಿನಲ್ಲಿ "ಮಗಳು ಏನು ಓದುತ್ತಾಳೆ?" ಎಂದರೆ ನಿಜವನ್ನೇ ಹೇಳುತ್ತಿದ್ದೆ. ಅವರು "ಓಹೋ" ಎಂದು ಬನ್ನಿನ ಕಡೆ ತಿರುಗುತ್ತಿದ್ದರು. ಪೇಚು ಬಂದದ್ದು ನಮ್ಮ ಕನ್ನಡದವರ ಜೊತೆ. "ನರವಿಜ್ಞಾನ" ಎಂದು ಶುದ್ಧ ಕನ್ನಡದಲ್ಲಿ ಹೇಳಿದರೆ ಒಬ್ಬರು ಕುತ್ತಿಗೆ ನರ ಎಳೆಯುತ್ತಿದೆ ಎಂದು ಕಾಲರ್ ಸರಿಸಿ ತೋರಿಸಿದರು. "ನ್ಯೂರೋಸೈನ್ಸ್" ಎಂದರೆ "ಓದಿ ಏನಾಗ್ತಾಳೆ?" ಎಂಬ ಪ್ರಶ್ನೆ. ಏನಾಗುತ್ತಾಳೋ ಅವಳಿಗೇ ಗೊತ್ತಿರಲಿಲ್ಲ. ಗಣೇಶನ ಹಬ್ಬದ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಎಷ್ಟೆಂದು ವಿವರಿಸಲಿ? "ಮೆದುಳು ಡಾಕ್ಟರ್" ಎಂದುಬಿಟ್ಟೆ. ಆಮೇಲೆ ಚಿತ್ರಾನ್ನ ಬಡಿಸಿದವರು ನನಗೆ ಒಂದು ಸೌಟು ಹೆಚ್ಚೇ ಹಾಕಿದರು.

ನಿಜ ಹೇಳಬೇಕೆಂದರೆ ಅವಳ ಓದು ನನಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಭಾನುವಾರ ಕಂಪ್ಯೂಟರಿನಲ್ಲಿ ಮಾತಾಡುವಾಗ ಒಮ್ಮೆ "ಅಮ್ಮಾ, ಈ ವಾರ ಲ್ಯಾಬಲ್ಲಿ ಕುರಿ ಮೆದುಳು ಕೊಯ್ದ್ವಿ" ಎಂದಳು. ಈರುಳ್ಳಿಗೂ ಮಡಿ ನೋಡುತ್ತಿದ್ದ ಮನೆಯಲ್ಲಿ ಹುಟ್ಟಿದ ನಾನು ಕೇಳಿದ ಮೊದಲ ವೈಜ್ಞಾನಿಕ ಪ್ರಶ್ನೆ, "ಸ್ನಾನ ಮಾಡ್ದ್ಯಾ?" ಅವಳು ನಕ್ಕು, "ಅಂಗೈಯಲ್ಲಿ ಹಿಡ್ಕೊಂಡಿದ್ದೆ ಅಮ್ಮ. ಇಷ್ಟೇ ಇಷ್ಟು. ಆ ಕುರಿಗೆ ತನ್ನ ಮರಿ ಗುರುತು ಇದ್ದಿದ್ದು ಇದರೊಳಗೇ ಅಲ್ವಾ ಅನ್ನಿಸ್ತು" ಎಂದಳು. ಇಂಥ ಮಾತು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಆ ಬೇಸಿಗೆ ರಜೆಗೆ ಅವಳು ಮನೆಗೆ ಬಂದಳು. ಮೂರನೇ ದಿನವೇ ಪಕ್ಕದ ಕಟ್ಟಡದ ಸುಧಾ ಫೋನ್ ಮಾಡಿದಳು. "ಶೈಲಕ್ಕಾ, ನಮ್ಮ ಮಾವ ತುಮಕೂರಿಂದ ಬಂದಿದಾರಲ್ಲ, ಒಂದು ತಿಂಗಳಿಂದ ಕೈ ನಡುಗ್ತಿದೆ. ಇಲ್ಲಿ ಅವ್ರಿಗೆ ಪರ್ಸೂನ್‌ನುಮ್ಮರ್ ಇಲ್ಲ, ಯಾವ ಕ್ಲಿನಿಕ್ಕಿಗೆ ಹೋಗೋದೋ ಗೊತ್ತಾಗ್ತಿಲ್ಲ. ಹೇಗೂ ನಿಮ್ಮನೇಲೇ ಮೆದುಳು ಡಾಕ್ಟ್ರಿದಾರಲ್ಲ, ಒಂದ್ಸಲ ನೋಡ್ಲಿ. ಪಾಪ, ಒಬ್ರೇ ಕೂತು ಯೋಚ್ನೆ ಮಾಡ್ತಿರ್ತಾರೆ." ಈ ದೇಶದಲ್ಲಿ ಗುರುತಿನ ನಂಬರಿಲ್ಲದವನು ಅರ್ಧ ಮನುಷ್ಯ. ಅವಳ ಕಷ್ಟ ನನಗೆ ಗೊತ್ತಿತ್ತು. ಆಗಲೇ ನಿಜ ಹೇಳಬಹುದಿತ್ತು. "ಬನ್ನಿ, ಅದಕ್ಕೇನಂತೆ" ಎಂದೆ.

ಅನಘಾಳಿಗೆ ಹೇಳಿದಾಗ ಮೊದಲು ಸ್ವೀಡಿಷ್‌ನಲ್ಲಿ ಕೂಗಿದಳು. ಆಮೇಲೆ ಕನ್ನಡಕ್ಕಿಳಿದು, "ಅಮ್ಮಾ, ನಾನು ಕುರಿ ಡಾಕ್ಟ್ರೂ ಅಲ್ಲ!" ಎಂದಳು.

"ಸುಮ್ನೆ ಕೈ ಹಿಡಿದು ನೋಡಿ, ಏನಿಲ್ಲ ಅಂದ್ಬಿಡೇ. ಹಿರಿಯರಿಗೆ ಧೈರ್ಯ ಬರತ್ತೆ."

"ಏನಾದ್ರೂ ಇದ್ರೆ?" ಎಂದಳು. ನಮ್ಮ ಯಜಮಾನರು ಪರಿಸ್ಥಿತಿ ನೋಡಿ, ಒಗೆದ ಬಟ್ಟೆಗಳನ್ನೇ ಮತ್ತೆ ಬುಟ್ಟಿಗೆ ತುಂಬಿಕೊಂಡು ಕಟ್ಟಡದ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹೊರಟುಹೋದರು.

ಸುಧಾಳ ಮಾವ ನಿವೃತ್ತ ಹೆಡ್‌ಮಾಸ್ಟರು. ಇಸ್ತ್ರಿ ಮಾಡಿದ ಷರಟು ತೊಟ್ಟು, ಹಳೆಯ ರಿಪೋರ್ಟುಗಳ ಫೈಲು ಹಿಡಿದು ಬಂದರು. ಫೈಲು ಕೈಯಲ್ಲಿ ಪಟಪಟ ಅಲುಗುತ್ತಿತ್ತು. ಅನಘಾ ಅವರನ್ನು ಕೂರಿಸಿ, ಎದುರಿಗೆ ಕೂತು, "ತಾತ, ನಾನು ಡಾಕ್ಟರ್ ಅಲ್ಲ. ಅಮ್ಮ ಹೇಳಿದ್ದು ತಪ್ಪು. ನಾನಿನ್ನೂ ಸ್ಟೂಡೆಂಟು" ಎಂದಳು. ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸುಧಾ ನನ್ನ ಕಡೆ ತಿರುಗಿ ನೋಡಿದಳು. ನಾನು ರವೆಯನ್ನು ನೋಡಿದೆ.

ಮೇಷ್ಟ್ರು ಮಾತ್ರ ಉಸಿರು ಬಿಟ್ಟು, "ಒಳ್ಳೇದಾಯ್ತಮ್ಮ. ಡಾಕ್ಟರ ಮುಂದೆ ನಂಗೆ ಬಾಯೇ ಬರಲ್ಲ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಇದು ತಲೆಗೆ ಹತ್ತುತ್ತಾ? ಮೊಮ್ಮಕ್ಕಳ ಹೆಸರು ಮರ್ತ್‌ಹೋಗುತ್ತಾ?"

"ಗೊತ್ತಿಲ್ಲ ತಾತ. ಕೈ ನಡುಗೋಕೆ ಕಾರಣ ಬೇಕಾದಷ್ಟಿರತ್ತೆ. ಬೆಳಿಗ್ಗೆ ಎದ್ದಾಗಿಂದ ಏನೇನ್ ಮಾಡ್ತೀರಾ, ಏನೇನ್ ತಗೋತೀರಾ, ಎಲ್ಲಾ ಹೇಳಿ. ಬರ್ಕೊಂಡು ನಿಜವಾದ ಡಾಕ್ಟರ್‌ಗೆ ಕೊಡೋಣ."

ಎರಡು ಗಂಟೆ ಕೂತಳು. ಹತ್ತೊಂಬತ್ತರ ಹುಡುಗಿ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮೇಷ್ಟ್ರು ವಾಕಿಂಗಿನಿಂದ ಹಿಡಿದು ಸಂಧ್ಯಾವಂದನೆಯವರೆಗೆ ಎಲ್ಲ ಹೇಳಿ, ಕೊನೆಗೆ ಸೊಸೆ ಕೈತೊಳೆಯಲು ಹೋದಾಗ ಒಂದು ಗುಟ್ಟು ಬಿಟ್ಟರು. ಸ್ವೀಡನ್ನಿನ ಚಳಿ ಎದೆಗೆ ಇಳಿದೀತೆಂದು ಹೆದರಿ, ಆಸ್ತಮಾ ಮಾತ್ರೆಯನ್ನು ಒಂದರ ಬದಲು ಎರಡೆರಡು ನುಂಗುತ್ತಿದ್ದರು! ಮಗ ಬೈಯುತ್ತಾನೆಂದು ಯಾರಿಗೂ ಹೇಳಿರಲಿಲ್ಲ. ಹೊರಗೆ ಜುಲೈ ಬಿಸಿಲಿಗೆ ಸ್ವೀಡಿಷರು ಚಡ್ಡಿಯಲ್ಲಿ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು.

"ಇದನ್ನ ಹೇಳ್ಲೇಬೇಕು ತಾತ, ನಾನೂ ಜೊತೇಲಿ ಬರ್ತೀನಿ" ಎಂದು ಅನಘಾ ಅಲ್ಲೇ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ನಂಬರಿಲ್ಲದ ಮನುಷ್ಯನಿಗೂ ಮೆದುಳಿರುತ್ತದೆ ಎಂಬುದನ್ನು ಅಚ್ಚ ಸ್ವೀಡಿಷ್‌ನಲ್ಲಿ, ದನಿ ಏರಿಸದೆ ವಿವರಿಸಿ ಮರುದಿನಕ್ಕೇ ಸಮಯ ಪಡೆದಳು. ಡಾಕ್ಟರು ಅವಳ ಚೀಟಿ ಓದಿ, ಮೇಷ್ಟ್ರನ್ನು ಪರೀಕ್ಷಿಸಿ, ಆ ಮಾತ್ರೆ ಹೆಚ್ಚಾದರೆ ಕೈ ನಡುಗುತ್ತದೆ ಎಂದು ಹೇಳಿ ಮೊದಲಿನಂತೆ ಒಂದಕ್ಕೆ ಇಳಿಸಿದರು. ಮುಂದಿನ ವಾರ ಮೇಷ್ಟ್ರು ನಮ್ಮ ಮನೆಯಲ್ಲಿ ಒಂದು ತೊಟ್ಟೂ ಚೆಲ್ಲದೆ ಕಾಫಿ ಕುಡಿದರು. ನಾನು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡೆ. "ಗೊತ್ತಿಲ್ಲ" ಎನ್ನುವುದಕ್ಕೂ ಇಷ್ಟೊಂದು ಓದಿರಬೇಕೆಂದು ನನಗೆ ತಿಳಿದಿರಲಿಲ್ಲ.

ವಿಮಾನ ಹತ್ತುವ ಮುಂಚೆ ಅನಘಾ, "ಇನ್ಮೇಲೆ ನಿಜಾನೇ ಹೇಳ್ಬೇಕು" ಎಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಳು. ಅದರಂತೆಯೇ ಮುಂದಿನ ಕನ್ನಡದವರ ಕೂಟದಲ್ಲಿ, ಊಟದ ಸಾಲಿನಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ "ನನ್ನ ಮಗಳು ಡಾಕ್ಟರ್ ಅಲ್ಲ" ಎಂದೆ. ಅಷ್ಟರಲ್ಲಿ ಮೇಷ್ಟ್ರ ಕೈಯ ಕಥೆ ಎಲ್ಲರ ಕಿವಿಗೂ ಬಿದ್ದಿತ್ತು. "ನೋಡಿ, ಮಗಳು ಅಷ್ಟು ದೊಡ್ಡ ಡಾಕ್ಟ್ರಾದ್ರೂ ಶೈಲಾ ಅವ್ರಿಗೆ ಒಂಚೂರೂ ಜಂಭ ಇಲ್ಲ!" ಎಂದರು ಹಿಂದೆ ನಿಂತಿದ್ದವರು. ಮಗಳ ವಿಷಯದಲ್ಲಿ ನಿಜ ಹೇಳುತ್ತೇನೆಂದು ಭಾಷೆ ಕೊಟ್ಟಿದ್ದೆ, ಹೇಳಿಯೂ ಇದ್ದೆ. ನನ್ನ ವಿಷಯ ಯಾರೂ ಕೇಳಿರಲಿಲ್ಲವಾದ್ದರಿಂದ, ಜಂಭವಿಲ್ಲದವರು ನಗುವ ಹಾಗೆ ಮೆಲ್ಲಗೆ ನಕ್ಕು ತಟ್ಟೆ ಮುಂದೆ ಚಾಚಿದೆ.